ಪ್ರೈಮರಿಯೇ ಇಲ್ಲದ ಪಕ್ಷದ ಅಭ್ಯರ್ಥಿಯನ್ನು ಆರಿಸುವವರು ಯಾರು?

ಪ್ರಶ್ನೆ: ನಾವು ಟೆಕ್ಸಸ್‌ನ ಶುಗರ್‌ಲ್ಯಾಂಡ್‌ನಲ್ಲಿ ಇದ್ದೇವೆ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಮೊದಲ ಸಲ ಮತ ಹಾಕಿದೆ. ಮಾರ್ಚ್‌ನ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ) ರಿಪಬ್ಲಿಕನ್ ಬ್ಯಾಲೆಟ್ ಬೇಕಾ, ಡೆಮಾಕ್ರಟಿಕ್ ಬ್ಯಾಲೆಟ್ ಬೇಕಾ ಎಂದು ಕೇಳಿದರು. ಮೂರನೆಯದು ಇರಲೇ ಇಲ್ಲ. ನವೆಂಬರ್‌ನಲ್ಲಿ ನೋಡಿದರೆ ಲಿಬರ್ಟೇರಿಯನ್, ಗ್ರೀನ್ ಪಕ್ಷದವರ ಹೆಸರೂ ಇದೆ! ಇವರನ್ನು ಯಾರು, ಯಾವಾಗ ಆರಿಸಿದರು? ನಮ್ಮ ಕಡೆ ಬಿ ಫಾರಂ ಕೊಡುವ ಹಾಗೆ ಪಕ್ಷದ ಅಧ್ಯಕ್ಷರೇ ಕೊಡುತ್ತಾರಾ? ಮುಂದಿನ ಸಲ ನಾನೂ ಅದರಲ್ಲಿ ಪಾಲ್ಗೊಳ್ಳಬಹುದಾ?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಟೆಕ್ಸಸ್‌ನಲ್ಲಿ ಸಣ್ಣ ಪಕ್ಷದ ಅಧ್ಯಕ್ಷರು ತಮ್ಮ ಇಷ್ಟದಂತೆ ಯಾರಿಗೂ ಟಿಕೆಟ್ ಕೊಡಲು ಬರುವುದಿಲ್ಲ. ಮಾರ್ಚ್‌, ಏಪ್ರಿಲ್‌ನಲ್ಲಿ ಆ ಪಕ್ಷದವರು ಒಂದರ ಹಿಂದೆ ಒಂದು ಸಭೆ ನಡೆಸುತ್ತಾರೆ. ಸಭೆಗೆ ಬಂದವರು ಮತ ಹಾಕಿ ಆರಿಸುತ್ತಾರೆ. ಸಭೆ ಯಾವತ್ತು, ಯಾವ ಮಟ್ಟದ ಸಭೆಯಲ್ಲಿ ಯಾವ ಹುದ್ದೆಗೆ ಆಯ್ಕೆ, ಒಳಗೆ ಯಾರು ಬರಬಹುದು, ಇಷ್ಟನ್ನೂ ರಾಜ್ಯದ ಚುನಾವಣಾ ಕಾನೂನೇ ಬರೆದಿಟ್ಟಿದೆ. ಇನ್ನೊಂದು ವಿಷಯ. ನೀವು ಆ ಮಾರ್ಚ್‌ನಲ್ಲಿ ದೊಡ್ಡ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿದಿರಲ್ಲ, ಅಲ್ಲಿಗೆ ಆ ವರ್ಷ ಈ ಸಭೆಗಳ ಬಾಗಿಲು ನಿಮಗೆ ಮುಚ್ಚಿತು. ಮತಗಟ್ಟೆಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೊಸದಾಗಿ ಪೌರತ್ವ ಪಡೆದ ನಮ್ಮವರಿಗೆ ಇದು ಗೊತ್ತಾಗುವಷ್ಟರಲ್ಲಿ ಒಂದೆರಡು ಚುನಾವಣೆ ಮುಗಿದೇ ಹೋಗಿರುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಬಿ ಫಾರಂ ವಿಷಯ ನೀವೇ ಎತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. ಭಾರತದಲ್ಲಿ 1951ರ ಪ್ರಜಾಪ್ರತಿನಿಧಿ ಕಾಯ್ದೆ ಪಕ್ಷದ ನೋಂದಣಿ ಬಗ್ಗೆ ಹೇಳುತ್ತದೆ, ನಾಮಪತ್ರದ ಬಗ್ಗೆ ಹೇಳುತ್ತದೆ. ಆದರೆ ಪಕ್ಷ ತನ್ನ ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಎಂಬ ಬಗ್ಗೆ ಅದರಲ್ಲಿ ಏನೂ ಇಲ್ಲ. ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ಎ ಫಾರಂ ಹೇಳುತ್ತದೆ, ಆ ಮನುಷ್ಯ ಯಾರಿಗೆ ಟಿಕೆಟ್ ಕೊಟ್ಟಿದ್ದಾನೆ ಎಂದು ಬಿ ಫಾರಂ ಹೇಳುತ್ತದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಆ ಹಾಳೆ ಚುನಾವಣಾಧಿಕಾರಿಯ ಕೈ ಸೇರಿದರೆ ಆಯಿತು. ಅದರ ಹಿಂದೆ ಸಭೆ ನಡೆಯಿತಾ, ಕಾರ್ಯಕರ್ತರನ್ನು ಕೇಳಿದರಾ ಎಂದು ಕಾನೂನು ವಿಚಾರಿಸುವುದಿಲ್ಲ. ಮಾನ್ಯತೆ ಇಲ್ಲದ ಸಣ್ಣ ಪಕ್ಷದವರಾದರೆ ಒಬ್ಬ ಸೂಚಕರ ಬದಲು 10 ಸೂಚಕರು ಸಹಿ ಹಾಕಬೇಕು, ಅಷ್ಟೇ ವ್ಯತ್ಯಾಸ. 2020ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಡೆ ಮಾತ್ರ ಕೈ ಹಾಕಿತು. ಕ್ರಿಮಿನಲ್ ಕೇಸ್ ಇರುವವರನ್ನು ನಿಲ್ಲಿಸಿದರೆ ಯಾಕೆ ನಿಲ್ಲಿಸಿದ್ದೀರಿ ಎಂದು ಪಕ್ಷ ಕಾರಣ ಪ್ರಕಟಿಸಬೇಕು ಎಂದಿತು. ಉಳಿದದ್ದೆಲ್ಲ ಪಕ್ಷದ ಮನೆಯೊಳಗಿನ ಮಾತು.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಚುನಾವಣೆ ನಡೆಸುವ ಕೆಲಸವನ್ನು ಸಂವಿಧಾನ ಬಹುಮಟ್ಟಿಗೆ ರಾಜ್ಯಗಳಿಗೆ ಬಿಟ್ಟಿದೆ. ನಮ್ಮ ಚುನಾವಣಾ ಆಯೋಗದಂತೆ ದೇಶಕ್ಕೆಲ್ಲ ಒಂದೇ ನಿಯಮ ಮಾಡುವ ಸಂಸ್ಥೆ ಇಲ್ಲ. ಹೀಗಾಗಿ 50 ರಾಜ್ಯಕ್ಕೆ 50 ನಿಯಮ. ಇನ್ನೊಂದು ಕಾರಣ ಬ್ಯಾಲೆಟ್ಟಿನದು. 19ನೇ ಶತಮಾನದ ಬಹುಪಾಲು ಅಲ್ಲಿ ಬ್ಯಾಲೆಟ್ ಅಚ್ಚು ಹಾಕಿಸುತ್ತಿದ್ದದ್ದು ಸರ್ಕಾರವಲ್ಲ, ಪಕ್ಷಗಳು. ಪ್ರತಿ ಪಕ್ಷ ತನ್ನದೇ ಚೀಟಿ ಅಚ್ಚು ಹಾಕಿಸಿ ಹಂಚುತ್ತಿತ್ತು, ಮತದಾರ ಅದನ್ನು ತಂದು ಪೆಟ್ಟಿಗೆಗೆ ಹಾಕುತ್ತಿದ್ದ. 1888ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರವೇ ಬ್ಯಾಲೆಟ್ ಅಚ್ಚು ಹಾಕುವ ಕಾನೂನು ತಂದ ಮೇಲೆ ಉಳಿದ ರಾಜ್ಯಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಆ ದಾರಿ ಹಿಡಿದವು. ಗುಟ್ಟಿನ ಮತದಾನಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಸರ್ಕಾರ ಅಚ್ಚು ಹಾಕುತ್ತದೆ ಎಂದ ಕೂಡಲೇ ಯಾರ ಹೆಸರು ಅಚ್ಚಾಗಬೇಕು ಎಂದು ತೀರ್ಮಾನಿಸುವ ಅಧಿಕಾರವೂ ಸರ್ಕಾರಕ್ಕೇ ಹೋಯಿತು. ಸಣ್ಣ ಪಕ್ಷಗಳ ಪಾಡು ಅಲ್ಲಿಂದ ಶುರು.

ಪಕ್ಷದ ಒಳಗಿನ ಆಯ್ಕೆಗೆ ಸರ್ಕಾರ, ಕೋರ್ಟು ಯಾಕೆ ಮೂಗು ತೂರಿಸಬೇಕು ಎಂದು ಕೇಳಬಹುದು. ಅದಕ್ಕೆ ಉತ್ತರ ನೀವಿರುವ ಫೋರ್ಟ್ ಬೆಂಡ್ ಕೌಂಟಿಯಲ್ಲೇ (ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಇದೆ. ಶುಗರ್‌ಲ್ಯಾಂಡ್‌ನಲ್ಲಿ ಇವತ್ತು ಇಷ್ಟೊಂದು ಭಾರತೀಯರು ಇದ್ದಾರೆ, ಆದರೆ ಈ ಕಥೆ ಅವರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿರುವುದಿಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಟೆಕ್ಸಸ್‌ನಲ್ಲಿ ಡೆಮಾಕ್ರಟಿಕ್ ಪ್ರೈಮರಿ ಗೆದ್ದರೆ ಚುನಾವಣೆಯನ್ನೇ ಗೆದ್ದ ಹಾಗೆ. ಆ ಪ್ರೈಮರಿಯಲ್ಲಿ ಕಪ್ಪು ಜನರಿಗೆ ಮತ ಇರಲಿಲ್ಲ. ಪಕ್ಷ ಖಾಸಗಿ ಸಂಘ, ಯಾರನ್ನು ಸೇರಿಸಬೇಕು ಎನ್ನುವುದು ನಮ್ಮಿಷ್ಟ ಎಂದು ಪಕ್ಷದವರು ವಾದಿಸುತ್ತಿದ್ದರು. ಹ್ಯೂಸ್ಟನ್‌ನ ದಂತವೈದ್ಯ ಲಾನಿ ಸ್ಮಿತ್ ಕೋರ್ಟಿಗೆ ಹೋದರು. 1944ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಇಷ್ಟಾದರೂ ಫೋರ್ಟ್ ಬೆಂಡ್‌ನಲ್ಲಿ ಜೇಬರ್ಡ್ ಅಸೋಸಿಯೇಷನ್ ಎಂಬ ಬಿಳಿಯರ ಕೂಟ ಪ್ರೈಮರಿಗೂ ಮುಂಚೆ ತನ್ನದೇ ಒಂದು ಖಾಸಗಿ ಚುನಾವಣೆ ನಡೆಸುತ್ತಲೇ ಇತ್ತು. ಅಲ್ಲಿ ಗೆದ್ದವರಿಗೆ ಪ್ರೈಮರಿಯಲ್ಲಿ ಎದುರಾಳಿಯೇ ಇರುತ್ತಿರಲಿಲ್ಲ ಎನ್ನಬಹುದು. 1953ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಕಡಿವಾಣ ಹಾಕಿತು. ಅಂದರೆ ಅಭ್ಯರ್ಥಿಯನ್ನು ಆರಿಸುವ ಹಂತದಲ್ಲೇ ಜನರ ಮತ ಕಸಿದುಕೊಳ್ಳಬಹುದು, ಅದನ್ನು ತಡೆಯಲು ಕಾನೂನು ಬೇಕು ಎಂಬುದು ಅಲ್ಲಿ ಸ್ಥಿರವಾಯಿತು. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ದೊಡ್ಡ ಪಕ್ಷಗಳ ದರ್ಬಾರು ತಡೆಯಲು ಬೇಕಾದ ಇದೇ ಅಧಿಕಾರವನ್ನು ಮುಂದೆ ಸಣ್ಣ ಪಕ್ಷಗಳನ್ನು ಹೊರಗಿಡಲು ಬಳಸಿದ್ದಕ್ಕೆ ಮಾತ್ರ ನನ್ನ ತಕರಾರು.

ಈಗ ಟೆಕ್ಸಸ್‌ನ ಇವತ್ತಿನ ನಿಯಮಕ್ಕೆ ಬರೋಣ. ಯಾವ ಪಕ್ಷ ಪ್ರೈಮರಿ ನಡೆಸಬೇಕು ಎಂದು ನಿರ್ಧರಿಸುವುದು ಒಂದೇ ಒಂದು ಸಂಖ್ಯೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಪಕ್ಷದ ಅಭ್ಯರ್ಥಿಗೆ ಶೇ. 20 ಅಥವಾ ಅದಕ್ಕಿಂತ ಜಾಸ್ತಿ ಮತ ಬಂದಿದ್ದರೆ ಪ್ರೈಮರಿ ಕಡ್ಡಾಯ. ಶೇ. 2ರಿಂದ 20ರ ಒಳಗೆ ಬಂದಿದ್ದರೆ ಪ್ರೈಮರಿಯೋ ಸಮಾವೇಶವೋ (ಮೊದಲೇ ಹೇಳಿದ ಸಭೆಗಳು) ಪಕ್ಷವೇ ಆರಿಸಿಕೊಳ್ಳಬಹುದು. ಅದಕ್ಕಿಂತ ಕಡಿಮೆ ಆದರೆ ಸಮಾವೇಶವೊಂದೇ ದಾರಿ. ಲಿಬರ್ಟೇರಿಯನ್, ಗ್ರೀನ್ ಎರಡೂ ಗವರ್ನರ್ ಚುನಾವಣೆಯಲ್ಲಿ ಶೇ. 20ರ ಹತ್ತಿರಕ್ಕೂ ಬಂದಿಲ್ಲ, ಅವುಗಳದ್ದು ಸಮಾವೇಶದ ದಾರಿ. ಮತಗಟ್ಟೆಯಲ್ಲಿ ನಿಮಗೆ ಮೂರನೇ ಬ್ಯಾಲೆಟ್ ಸಿಗದಿದ್ದುದು ಇದಕ್ಕೇ.

ಈ ಸಮಾವೇಶಗಳಿಗೆ ಮೆಟ್ಟಿಲುಗಳಿವೆ. ದೊಡ್ಡ ಪಕ್ಷಗಳ ಪ್ರೈಮರಿ ಮಾರ್ಚ್‌ನ ಮೊದಲ ಮಂಗಳವಾರ. ಅದಾದ ಒಂದು ವಾರಕ್ಕೆ, ಎರಡನೇ ಮಂಗಳವಾರ, ಸಣ್ಣ ಪಕ್ಷದ ಪ್ರಿಸಿಂಕ್ಟ್ ಸಭೆ. ಪ್ರಿಸಿಂಕ್ಟ್ ಎಂದರೆ ನಮ್ಮ ಬೂತ್ ಮಟ್ಟ ಎಂದುಕೊಳ್ಳಿ. ಆ ವಾರದ ಶನಿವಾರ ಕೌಂಟಿ ಸಮಾವೇಶ, ಮುಂದಿನ ಶನಿವಾರ ಡಿಸ್ಟ್ರಿಕ್ಟ್ (ಇಲ್ಲಿ ಚುನಾವಣಾ ಕ್ಷೇತ್ರ ಎಂದರ್ಥ) ಸಮಾವೇಶ, ಏಪ್ರಿಲ್ ಎರಡನೇ ಶನಿವಾರ ರಾಜ್ಯ ಸಮಾವೇಶ. ಕೆಳಗಿನ ಸಭೆ ಮೇಲಿನ ಸಭೆಗೆ ಪ್ರತಿನಿಧಿಗಳನ್ನು ಕಳಿಸುತ್ತದೆ. ಕೌಂಟಿ ಜಡ್ಜ್, ಕಮಿಷನರ್, ಕಾನ್‌ಸ್ಟೆಬಲ್ ಇಂಥ ಹುದ್ದೆಗಳಿಗೆ ಕೌಂಟಿ ಸಮಾವೇಶದಲ್ಲೇ ಆಯ್ಕೆ. ಕ್ಷೇತ್ರ ಒಂದಕ್ಕಿಂತ ಜಾಸ್ತಿ ಕೌಂಟಿಗೆ ಹರಡಿದ್ದರೆ ಡಿಸ್ಟ್ರಿಕ್ಟ್ ಸಮಾವೇಶದಲ್ಲಿ. ನಿಮ್ಮ ಭಾಗದ 22ನೇ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತಿನ) ಕ್ಷೇತ್ರ ಅಂಥದ್ದು. ಗವರ್ನರ್, ಸೆನೆಟರ್ ಇವರೆಲ್ಲ ರಾಜ್ಯ ಸಮಾವೇಶದಲ್ಲಿ.

ಪ್ರಿಸಿಂಕ್ಟ್ ಸಭೆ ಎಂದರೆ ಶಾಮಿಯಾನ, ಮೈಕ್ ಎಲ್ಲ ಕಲ್ಪಿಸಿಕೊಳ್ಳಬೇಡಿ. ಲೈಬ್ರರಿಯ ಒಂದು ಕೋಣೆ, ಒಂದು ಹೋಟೆಲ್‌ನ ಮೂಲೆ ಮೇಜು, ಯಾರದ್ದೋ ಮನೆಯ ಹಜಾರ, ಬಂದವರು ಇಬ್ಬರು ಮೂವರು. ಹಲವು ಪ್ರಿಸಿಂಕ್ಟ್‌ನವರು ಒಂದೇ ಕಡೆ ಸೇರಿ ಬೇರೆ ಬೇರೆ ಮೇಜಿಗೆ ಕೂತು ಮುಗಿಸುವುದೂ ಉಂಟು. ಒಳಗೆ ಬಂದವರು ಮೊದಲು ಒಂದು ಪಟ್ಟಿಯಲ್ಲಿ ಹೆಸರು, ವಿಳಾಸ, ಮತದಾರರ ನೋಂದಣಿ ಸಂಖ್ಯೆ ಬರೆದು ಸಹಿ ಹಾಕಬೇಕು. ಟೆಕ್ಸಸ್‌ನಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷದ ಹೆಸರು ಬರೆಸುವ ಪದ್ಧತಿ ಇಲ್ಲ. ಹಾಗಾಗಿ ನೀವು ಯಾವ ಪಕ್ಷದವರು ಎನ್ನುವುದು ಒಂದೋ ಪ್ರೈಮರಿಯಲ್ಲಿ ಮತ ಹಾಕಿದಾಗ ಗೊತ್ತಾಗುತ್ತದೆ, ಇಲ್ಲ ಇಂಥ ಸಭೆಯಲ್ಲಿ ಪ್ರಮಾಣ ಮಾಡಿದಾಗ. ಪ್ರಮಾಣದ ಸಾರ ಇಷ್ಟು: ಈ ವರ್ಷ ನಾನು ಬೇರೆ ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿಲ್ಲ, ಬೇರೆ ಪಕ್ಷದ ಸಮಾವೇಶಕ್ಕೂ ಹೋಗಿಲ್ಲ, ಈಗ ಈ ಪಕ್ಷದ ಜೊತೆ ಸೇರುತ್ತಿದ್ದೇನೆ. ವರ್ಷ ಮುಗಿದ ಮೇಲೆ ಆ ನಂಟೂ ಮುಗಿಯುತ್ತದೆ.

ಆ ಸಹಿ ಪಟ್ಟಿ ಸುಮ್ನೆ ಹಾಜರಿಗೆ ಅಲ್ಲ. ಬ್ಯಾಲೆಟ್‌ನಲ್ಲಿ ಜಾಗ ಇಲ್ಲದ ಪಕ್ಷ ಆ ಜಾಗ ಗಳಿಸಬೇಕಾದರೆ ಹಿಂದಿನ ಗವರ್ನರ್ ಚುನಾವಣೆಯ ಒಟ್ಟು ಮತದ ಶೇ. 1ರಷ್ಟು ಜನರ ಹೆಸರು ತೋರಿಸಬೇಕು. 2018ರಲ್ಲಿ ಸುಮಾರು 83 ಲಕ್ಷ ಮತ ಚಲಾವಣೆ ಆಗಿತ್ತು, ಅಂದರೆ 83 ಸಾವಿರಕ್ಕೂ ಹೆಚ್ಚು ಹೆಸರು. ಪ್ರಿಸಿಂಕ್ಟ್ ಸಭೆಗಳಿಗೆ ಅಷ್ಟು ಜನ ಬರುವ ಮಾತೇ ಇಲ್ಲ. ಕಡಿಮೆ ಬಿದ್ದದ್ದನ್ನು ಸಹಿ ಸಂಗ್ರಹಿಸಿ ತುಂಬಬೇಕು, ಅದಕ್ಕೆ 75 ದಿನ ಗಡುವು. ಅದರಲ್ಲೂ ಆ ವರ್ಷ ದೊಡ್ಡ ಪಕ್ಷಗಳ ಪ್ರೈಮರಿಯಲ್ಲಿ ಮತ ಹಾಕಿದವರು ಸಹಿ ಹಾಕುವ ಹಾಗಿಲ್ಲ. ರಾಜಕೀಯದಲ್ಲಿ ಆಸಕ್ತಿ ಇರುವವರು ಪ್ರೈಮರಿಗೆ ಹೋಗಿಯೇ ಇರುತ್ತಾರೆ ಅಲ್ವಾ? ಸಹಿ ಕೇಳುತ್ತಾ ನಿಂತ ಕಾರ್ಯಕರ್ತನಿಗೆ ಆಸಕ್ತಿ ಇರುವವರ ಸಹಿ ಬೇಡ, ಇಲ್ಲದವರ ಸಹಿ ಬೇಕು. ಇದು ನ್ಯಾಯವಾ ಎಂದು ಸಣ್ಣ ಪಕ್ಷಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. 1974ರಲ್ಲಿ ಕೋರ್ಟ್ ಈ ವ್ಯವಸ್ಥೆಯ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ತೀರ್ಪು. ಪಕ್ಷಕ್ಕೆ ಒಂದಿಷ್ಟು ಬೆಂಬಲ ಇದೆ ಎಂದು ತೋರಿಸಿ ಎನ್ನುವುದು ಸರಿ. ಬೆಂಬಲಿಗರನ್ನು ಪ್ರೈಮರಿಯಿಂದ ದೂರ ಇರಿಸಿ ಆಮೇಲೆ ಸಹಿ ತನ್ನಿ ಎನ್ನುವುದು ಬೇರೆಯೇ ಮಾತು.

ಒಮ್ಮೆ ಒಳಗೆ ಬಂದ ಪಕ್ಷ ಜಾಗ ಉಳಿಸಿಕೊಳ್ಳುವುದು ಹೇಗೆ? ಇಲ್ಲಿ 2019ರಲ್ಲಿ ಕಾನೂನು ಬದಲಾಯಿತು. ಮೊದಲು ಹಿಂದಿನ ಚುನಾವಣೆಯಲ್ಲಿ ರಾಜ್ಯ ಮಟ್ಟದ ಯಾವುದಾದರೂ ಒಂದು ಹುದ್ದೆಗೆ ಶೇ. 5 ಮತ ಬಂದಿರಬೇಕಿತ್ತು. ಈಗ ಹಿಂದಿನ 5 ಸಾರ್ವತ್ರಿಕ ಚುನಾವಣೆಗಳಲ್ಲಿ ಯಾವಾಗಲಾದರೂ ಶೇ. 2 ಬಂದಿದ್ದರೆ ಸಾಕು. ರಾಜ್ಯ ಮಟ್ಟದ ಯಾವುದಾದರೂ ಹುದ್ದೆ ಎನ್ನುವ ಮಾತು ಸಣ್ಣ ಪಕ್ಷದ ಆಯ್ಕೆಯ ಮೇಲೇ ಪ್ರಭಾವ ಬೀರುತ್ತದೆ. 2018ರಲ್ಲಿ ರಾಜ್ಯದ ಕ್ರಿಮಿನಲ್ ಅಪೀಲು ಕೋರ್ಟಿನ ಒಂದು ಸ್ಥಾನಕ್ಕೆ ಡೆಮಾಕ್ರಟರು ಯಾರನ್ನೂ ನಿಲ್ಲಿಸಲಿಲ್ಲ. ಅಲ್ಲಿ ಲಿಬರ್ಟೇರಿಯನ್ ಅಭ್ಯರ್ಥಿಗೆ ಸುಮಾರು ಕಾಲು ಭಾಗ ಮತ ಬಂತು. ಗವರ್ನರ್ ಹುದ್ದೆಗೆ ಶೇ. 2 ಸಿಗದ ಪಕ್ಷಕ್ಕೆ ಇಲ್ಲಿ ಶೇ. 25! ಹೀಗಾಗಿ ಎಲ್ಲರ ಕಣ್ಣು ಬೀಳುವ ಹುದ್ದೆಗಿಂತ ಯಾರೂ ನೋಡದ ಜಡ್ಜ್ ಹುದ್ದೆಗೆ, ರೈಲ್‌ರೋಡ್ ಕಮಿಷನರ್ ಹುದ್ದೆಗೆ ಯಾರಾದರೂ ನಿಲ್ಲಲಿ ಎಂದು ಸಮಾವೇಶದಲ್ಲಿ ಹುಡುಕುತ್ತಾರೆ. ರೈಲ್‌ರೋಡ್ ಕಮಿಷನ್ ಎಂದರೆ ಹೆಸರಿಗೆ ರೈಲು, ನೋಡಿಕೊಳ್ಳುವುದು ತೈಲ ಮತ್ತು ಗ್ಯಾಸ್.

ಅದೇ 2019ರ ಕಾನೂನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ಸಮಾವೇಶದಲ್ಲಿ ಆಯ್ಕೆಯಾಗುವವರೂ ಪ್ರೈಮರಿಯಲ್ಲಿ ನಿಲ್ಲುವವರಷ್ಟೇ ಶುಲ್ಕ ಕಟ್ಟಬೇಕು, ಇಲ್ಲ ಅದರ ಬದಲು ಸಹಿ ತರಬೇಕು ಎಂದಿತು. ಗವರ್ನರ್ ಹುದ್ದೆಗೆ 3,750 ಡಾಲರ್. ಅಮೆರಿಕದ ಸೆನೆಟ್‌ಗೆ 5,000, ಕಾಂಗ್ರೆಸ್‌ನ ಕೆಳಮನೆಗೆ 3,125, ರಾಜ್ಯದ ಕೆಳಮನೆಗೆ 750. ದೊಡ್ಡ ಪಕ್ಷದವರು ಕಟ್ಟಿದ ಶುಲ್ಕ ಅವರದೇ ಪ್ರೈಮರಿಯ ಖರ್ಚಿಗೆ ಹೋಗುತ್ತದೆ. ಸಣ್ಣ ಪಕ್ಷದವರು ತಮ್ಮ ಸಮಾವೇಶದ ಖರ್ಚು ತಾವೇ ಹಾಕಿಕೊಳ್ಳಬೇಕು, ಅದರ ಮೇಲೆ ಸರ್ಕಾರಕ್ಕೂ ಇದನ್ನು ಕಟ್ಟಬೇಕು. ಇಲ್ಲಿ ಠೇವಣಿ ಉಳಿಸಿಕೊಳ್ಳುವ ಪ್ರಶ್ನೆಯೂ ಇಲ್ಲ. ಭಾರತದಲ್ಲಾದರೆ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಬಂದರೆ ದುಡ್ಡು ವಾಪಸ್ ಬರುತ್ತದೆ.

ಈ ಶುಲ್ಕ 2020ರಲ್ಲಿ ಆಡಿಸಿದ ಆಟ ನೋಡಿ. ಗ್ರೀನ್ ಪಕ್ಷದ ಮೂವರು ಶುಲ್ಕ ಕಟ್ಟಿಲ್ಲ, ಅವರ ಹೆಸರು ತೆಗೆಯಿರಿ ಎಂದು ಡೆಮಾಕ್ರಟರು ಕೋರ್ಟಿಗೆ ಹೋದರು. ಆಗಸ್ಟ್‌ನಲ್ಲಿ ಗೆದ್ದರು. ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಆ ಮೂವರನ್ನೂ ಮತ್ತೆ ಬ್ಯಾಲೆಟ್‌ಗೆ ಸೇರಿಸಿತು. ಅದೇ ಹೊತ್ತಿಗೆ 44 ಲಿಬರ್ಟೇರಿಯನ್ನರ ಹೆಸರು ತೆಗೆಯಿರಿ ಎಂದು ರಿಪಬ್ಲಿಕನ್ನರು ಕೋರ್ಟಿಗೆ ಹೋದರು. ಗಡುವು ಮೀರಿ ಬಂದಿದ್ದೀರಿ ಎಂದು ಅವರನ್ನು ವಾಪಸ್ ಕಳಿಸಲಾಯಿತು. ಗ್ರೀನ್ ನಿಂತರೆ ಡೆಮಾಕ್ರಟರ ಮತ ಒಡೆಯುತ್ತದೆ, ಲಿಬರ್ಟೇರಿಯನ್ ನಿಂತರೆ ರಿಪಬ್ಲಿಕನ್ನರ ಮತ ಒಡೆಯುತ್ತದೆ ಎಂಬ ಲೆಕ್ಕಾಚಾರ ಎರಡೂ ಕಡೆ ಇತ್ತು. ನಡುವೆ ಸಿಕ್ಕಿಕೊಂಡವರು ಸಮಾವೇಶದಲ್ಲಿ ಕೂತು ಪ್ರಾಮಾಣಿಕವಾಗಿ ಮತ ಹಾಕಿ ಆರಿಸಿದ ಕಾರ್ಯಕರ್ತರು.

ಟೆಕ್ಸಸ್‌ನಲ್ಲಿ ಮೂರನೇ ಪಕ್ಷ ಯಾವತ್ತೂ ಲೆಕ್ಕಕ್ಕೇ ಇರಲಿಲ್ಲ ಎಂದಲ್ಲ. 1970ರಲ್ಲಿ ಕ್ರಿಸ್ಟಲ್ ಸಿಟಿ ಎಂಬ ಸಣ್ಣ ಊರಲ್ಲಿ ಮೆಕ್ಸಿಕನ್ ಅಮೆರಿಕನ್ನರು ಲಾ ರಾಸಾ ಉನಿದಾ ಎಂಬ ಪಕ್ಷ ಕಟ್ಟಿದರು. 1972ರಲ್ಲಿ ಅವರ ಅಭ್ಯರ್ಥಿ ರಾಮ್ಸಿ ಮುನ್ಯೀಸ್ ಗವರ್ನರ್ ಚುನಾವಣೆಯಲ್ಲಿ ಶೇ. 6ರಷ್ಟು ಮತ ತೆಗೆದರು. ಡೆಮಾಕ್ರಟ್ ಡಾಲ್ಫ್ ಬ್ರಿಸ್ಕೋ ಗೆದ್ದದ್ದು ಅರ್ಧಕ್ಕಿಂತ ಕಡಿಮೆ ಮತದಲ್ಲಿ. 1978ರಲ್ಲಿ ಪಕ್ಷಕ್ಕೆ ಶೇ. 2 ಕೂಡ ಬರಲಿಲ್ಲ, ಬ್ಯಾಲೆಟ್ ಜಾಗವೂ ಹೋಯಿತು, ಪಕ್ಷವೂ ಕರಗಿತು.

ಕರ್ನಾಟಕದವರಿಗೆ ತುಂಬ ಹೊಸದು ಅನ್ನಿಸುವ ನಿಯಮ ಒಂದಿದೆ. 2023ರ ಏಪ್ರಿಲ್‌ನಲ್ಲಿ ಟಿಕೆಟ್ ಸಿಗಲಿಲ್ಲ ಎಂದು ಲಕ್ಷ್ಮಣ ಸವದಿ, ಜಗದೀಶ ಶೆಟ್ಟರ್ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿ ಕೆಲವೇ ದಿನಗಳಲ್ಲಿ ಅದರ ಬಿ ಫಾರಂ ಹಿಡಿದು ನಿಂತರು. ಅಥಣಿಯಲ್ಲಿ ಸವದಿ ಗೆದ್ದರು, ಹುಬ್ಬಳ್ಳಿಯಲ್ಲಿ ಶೆಟ್ಟರ್ ಸೋತರು. ನಮ್ಮಲ್ಲಿ ಕೊನೆ ಗಳಿಗೆಯಲ್ಲಿ ಟಿಕೆಟ್ ವಂಚಿತರನ್ನು ಬರಮಾಡಿಕೊಳ್ಳುವುದೇ ಎಷ್ಟೋ ಸಣ್ಣ ಪಕ್ಷಗಳ ಅಭ್ಯರ್ಥಿ ಆಯ್ಕೆಯ ವಿಧಾನ. ಟೆಕ್ಸಸ್‌ನಲ್ಲಿ ಪ್ರೈಮರಿಗೆ ನಿಂತವರು ಅದೇ ವರ್ಷ ಬೇರೆ ಪಕ್ಷದಿಂದ ನಿಲ್ಲುವ ಹಾಗಿಲ್ಲ, ಪಕ್ಷೇತರರಾಗಿಯೂ ನಿಲ್ಲುವ ಹಾಗಿಲ್ಲ. ನಿಲ್ಲುವುದು ಇರಲಿ, ಆ ಪ್ರೈಮರಿಯಲ್ಲಿ ಮತ ಹಾಕಿದ್ದರೂ ಸಾಕು, ಸಣ್ಣ ಪಕ್ಷದ ಅಭ್ಯರ್ಥಿ ಆಗುವ ಅರ್ಹತೆ ಹೋಯಿತು. ಪಕ್ಷಾಂತರ ತಡೆಯುವ ಮಟ್ಟಿಗೆ ಈ ನಿಯಮ ನನಗೆ ಇಷ್ಟ. ಮತ ಹಾಕಿದವರನ್ನೂ ಸೇರಿಸಿದ್ದು ಅತಿಯಾಯಿತು.

ಸಮಾವೇಶದೊಳಗೆ ಮತದಾನ ಹೇಗಿರುತ್ತದೆ ಎನ್ನುವುದು ಬಹುಪಾಲು ಪಕ್ಷದ ಸ್ವಂತ ನಿಯಮ. ನನಗೆ ತುಂಬ ಹಿಡಿಸುವುದು ಲಿಬರ್ಟೇರಿಯನ್ನರ ಪದ್ಧತಿ. ಅವರ ರಾಷ್ಟ್ರೀಯ ಸಮಾವೇಶದಲ್ಲಿ ಪ್ರತಿ ಸುತ್ತಿನಲ್ಲೂ ನೋಟಾ ಇರುತ್ತದೆ. ನಮ್ಮಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೋಟಾ ಬಂತಲ್ಲ, ಅದಕ್ಕೆ ಎಷ್ಟೇ ಮತ ಬಿದ್ದರೂ ಅದರ ನಂತರದ ಅಭ್ಯರ್ಥಿಯೇ ಗೆಲ್ಲುವುದು. ಅವರಲ್ಲಿ ನೋಟಾ ಗೆದ್ದರೆ ಆ ಹುದ್ದೆಗೆ ಪಕ್ಷದ ಅಭ್ಯರ್ಥಿಯೇ ಇಲ್ಲ. 2024ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆ ನಡೆಯಿತು. ಡೊನಾಲ್ಡ್ ಟ್ರಂಪ್ ಸ್ವತಃ ಬಂದು ಭಾಷಣ ಮಾಡಿ ನನ್ನನ್ನು ಆರಿಸಿ ಎಂದರು, ಸಭಿಕರು ಕೂಗಿ ವಿರೋಧಿಸಿದರು. ರಾಬರ್ಟ್ ಕೆನಡಿ ಜೂನಿಯರ್ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರು ಉದುರುತ್ತಾ ಹೋಗಿ ಏಳನೇ ಸುತ್ತಿಗೆ ಕಣದಲ್ಲಿ ಉಳಿದದ್ದು ಚೇಸ್ ಆಲಿವರ್ ಮತ್ತು ನೋಟಾ. ಆಲಿವರ್‌ಗೆ ಶೇ. 60ರಷ್ಟು, ನೋಟಾಕ್ಕೆ ಶೇ. 36ರಷ್ಟು ಮತ ಬಿತ್ತು. ಎಷ್ಟೇ ಹೆಸರುವಾಸಿಯಾದವರು ಬಂದರೂ ಬೇಡ ಎನ್ನುವ ಧೈರ್ಯ ಆ ಪ್ರತಿನಿಧಿಗಳಿಗೆ ಇತ್ತು. ಅವರಲ್ಲಿ ಹೆಚ್ಚಿನವರು ಸ್ವಂತ ಖರ್ಚಿನಲ್ಲಿ ಬಂದ ಸಾಮಾನ್ಯ ಜನ.

ಬೇರೆ ರಾಜ್ಯದಲ್ಲಿರುವ ಕನ್ನಡಿಗರೂ ಇದನ್ನು ಓದುತ್ತಾರೆ, ಅವರಿಗಾಗಿ ಸ್ವಲ್ಪ. ನ್ಯೂಯಾರ್ಕ್‌ನದು ಪೂರ್ತಿ ಬೇರೆ ಲೋಕ. ಅಲ್ಲಿ ಒಬ್ಬರೇ ವ್ಯಕ್ತಿ ಎರಡು ಪಕ್ಷದ ಅಭ್ಯರ್ಥಿ ಆಗಬಹುದು, ಬ್ಯಾಲೆಟ್‌ನಲ್ಲಿ ಹೆಸರು ಎರಡು ಸಲ ಬರುತ್ತದೆ, ಎರಡೂ ಕಡೆಯ ಮತ ಕೂಡಿಸುತ್ತಾರೆ. 2025ರ ಮೇಯರ್ ಚುನಾವಣೆಯಲ್ಲಿ ಜೋಹ್ರಾನ್ ಮಮ್ದಾನಿ ಹೆಸರು ಡೆಮಾಕ್ರಟಿಕ್ ಸಾಲಿನಲ್ಲೂ ಇತ್ತು, ವರ್ಕಿಂಗ್ ಫ್ಯಾಮಿಲೀಸ್ ಪಕ್ಷದ ಸಾಲಿನಲ್ಲೂ ಇತ್ತು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಎಂದರೆ 2023ರ ಮೇಲುಕೋಟೆ. ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕದೆ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಅವರಿಗೆ ಬೆಂಬಲ ಕೊಟ್ಟಿತು, ಅವರು ಗೆದ್ದರು. ಆದರೆ ಕಾಂಗ್ರೆಸ್ಸಿನವರ ಮತ ಎಷ್ಟು, ರೈತ ಸಂಘದವರ ಮತ ಎಷ್ಟು ಎಂದು ಬೇರೆ ಮಾಡಿ ಹೇಳಲು ಆಗುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಸಣ್ಣ ಪಕ್ಷದ ತೂಕ ಇರುವುದೇ ಅಲ್ಲಿ.

ಇದಕ್ಕೂ ಕಟ್ಟುಪಾಡು ಇದೆ. 1947ರ ವಿಲ್ಸನ್ ಪಕುಲಾ ಕಾನೂನಿನ ಪ್ರಕಾರ ಪಕ್ಷದ ಸದಸ್ಯನಲ್ಲದವನು ಅದರ ಪ್ರೈಮರಿಗೆ ನಿಲ್ಲಬೇಕಾದರೆ ಪಕ್ಷದ ಸಮಿತಿ ಒಪ್ಪಿಗೆ ಕೊಡಬೇಕು. ಹಾಗಾಗಿ ಸಣ್ಣ ಪಕ್ಷದಲ್ಲಿ ಆಯ್ಕೆಯ ಬೀಗದ ಕೈ ಸಮಿತಿಯ ಹತ್ತಿರ ಇರುತ್ತದೆ. ಒಮ್ಮೆ ಆರಿಸಿದ ಮೇಲೆ ಬದಲಾಯಿಸುವುದು ಭಾರಿ ಕಷ್ಟ. 2018ರಲ್ಲಿ ವರ್ಕಿಂಗ್ ಫ್ಯಾಮಿಲೀಸ್ ಪಕ್ಷ ಗವರ್ನರ್ ಹುದ್ದೆಗೆ ಸಿಂಥಿಯಾ ನಿಕ್ಸನ್ ಅವರನ್ನು ಆರಿಸಿತ್ತು. ಅವರು ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಆಗಿನ ಗವರ್ನರ್ ಆಂಡ್ರೂ ಕ್ವೋಮೊ ವಿರುದ್ಧ ಸೋತರು. ಬ್ಯಾಲೆಟ್ ಜಾಗ ಉಳಿಯಲು ಗವರ್ನರ್ ಹುದ್ದೆಗೆ ಆಗ 50 ಸಾವಿರ ಮತ ಬೇಕಿತ್ತು, ಪಕ್ಷ ಕ್ವೋಮೊಗೇ ಜಾಗ ಕೊಡಲು ತೀರ್ಮಾನಿಸಿತು. ನಿಕ್ಸನ್ ಹೆಸರು ತೆಗೆಯುವುದು ಹೇಗೆ? ಅವರನ್ನು ರಾಜ್ಯ ಅಸೆಂಬ್ಲಿಯ ಒಂದು ಸ್ಥಾನಕ್ಕೆ ಹೆಸರಿಸಿದರು, ಬೇರೆ ಹುದ್ದೆಗೆ ಹೋದರೆ ಮೊದಲಿನ ಹೆಸರು ತೆಗೆಯಬಹುದು ಎಂಬ ದಾರಿ ಕಾನೂನಿನಲ್ಲಿ ಇತ್ತು. ಆ ಅಸೆಂಬ್ಲಿ ಸ್ಥಾನಕ್ಕೆ ನಿಕ್ಸನ್ ಪ್ರಚಾರ ಮಾಡಲೇ ಇಲ್ಲ. ಅದೇ ವರ್ಷ ಕಾಂಗ್ರೆಸ್‌ನ ಕೆಳಮನೆಯ ಸದಸ್ಯ ಜೋ ಕ್ರೌಲಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಎದುರು ಸೋತರೂ ವರ್ಕಿಂಗ್ ಫ್ಯಾಮಿಲೀಸ್ ಸಾಲಿನಲ್ಲಿ ಅವರ ಹೆಸರು ನವೆಂಬರ್‌ವರೆಗೂ ಉಳಿದುಬಿಟ್ಟಿತು. ಇನ್ನೂ ವಿಚಿತ್ರ ಎಂದರೆ ಒಕಾಸಿಯೊ ಕಾರ್ಟೆಜ್ ತಾವು ನಿಲ್ಲದ ಪಕ್ಕದ ಕ್ಷೇತ್ರದಲ್ಲಿ ರಿಫಾರ್ಮ್ ಪಕ್ಷದ ಪ್ರೈಮರಿ ಗೆದ್ದರು. ಮತದಾರರು ಖಾಲಿ ಗೆರೆಯಲ್ಲಿ ಅವರ ಹೆಸರು ಬರೆದಿದ್ದರು. ಬಿದ್ದ ಮತ 9. ಅವರು ಬೇಡ ಎಂದರು. ಸದಸ್ಯರೇ ಇಲ್ಲದ ಕಡೆಯೂ ಪ್ರೈಮರಿ ನಡೆಸಿ ಎಂದರೆ ಹೀಗೇ ಆಗುವುದು. ಅಂಥ ಕಡೆ ಟೆಕ್ಸಸ್‌ನ ಸಮಾವೇಶವೇ ಎಷ್ಟೋ ವಾಸಿ, ಎದುರು ಕೂತು ಮಾತಾಡಿಯಾದರೂ ಆರಿಸುತ್ತಾರೆ.

2020ರಲ್ಲಿ ನ್ಯೂಯಾರ್ಕ್ ನಿಯಮ ಬಿಗಿ ಮಾಡಿತು. 4 ವರ್ಷಕ್ಕೊಮ್ಮೆ 50 ಸಾವಿರ ಮತ ಎಂದಿದ್ದದ್ದು 2 ವರ್ಷಕ್ಕೊಮ್ಮೆ 1,30,000 ಮತ ಅಥವಾ ಶೇ. 2, ಯಾವುದು ಜಾಸ್ತಿಯೋ ಅದು ಎಂದಾಯಿತು. ಗ್ರೀನ್, ಲಿಬರ್ಟೇರಿಯನ್ ಎರಡೂ ಮಾನ್ಯತೆ ಕಳೆದುಕೊಂಡವು.

ಕ್ಯಾಲಿಫೋರ್ನಿಯಾದಲ್ಲಿ ಪ್ರಶ್ನೆಯೇ ಇಲ್ಲ. 2010ರಲ್ಲಿ ಜನ ಒಪ್ಪಿದ ಪದ್ಧತಿಯಂತೆ ರಾಜ್ಯದ ಮತ್ತು ಕಾಂಗ್ರೆಸ್‌ನ ಹುದ್ದೆಗಳಿಗೆ ಎಲ್ಲರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಪಕ್ಷಗಳು ಅಭ್ಯರ್ಥಿಯನ್ನು ಆರಿಸುವುದೇ ನಿಂತಿತು. ಸಣ್ಣ ಪಕ್ಷದವರು ನವೆಂಬರ್ ಬ್ಯಾಲೆಟ್‌ನಲ್ಲಿ ಕಾಣುವುದೇ ಅಪರೂಪ. ಓಕ್ಲಹೋಮದಲ್ಲಿ ಲಿಬರ್ಟೇರಿಯನ್ನರು ನಮ್ಮ ಪ್ರೈಮರಿಗೆ ಎಲ್ಲ ಪಕ್ಷದ ಮತದಾರರೂ ಬರಲಿ ಎಂದು ಕೇಳಿದರು. ರಾಜ್ಯ ಒಪ್ಪಲಿಲ್ಲ, ನಿಮ್ಮ ಸದಸ್ಯರು ಮತ್ತು ಯಾವ ಪಕ್ಷಕ್ಕೂ ಸೇರದವರು ಮಾತ್ರ ಎಂದಿತು. 2005ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು. ತನ್ನ ಮನೆಗೆ ಯಾರನ್ನು ಕರೆಯಬೇಕು ಎನ್ನುವುದನ್ನೂ ಸಣ್ಣ ಪಕ್ಷ ತಾನೇ ನಿರ್ಧರಿಸುವ ಹಾಗಿಲ್ಲ ಎಂದರೆ ನನಗೆ ಬೇಸರವೇ ಆಗುತ್ತದೆ. ಜೇಬರ್ಡ್‌ನವರು ಜನರನ್ನು ಹೊರಗಿಟ್ಟರು, ಇವರು ಒಳಗೆ ಕರೆಯಲು ಹೊರಟಿದ್ದರು.

ಈಗ ನಿಮ್ಮ ಕೊನೆಯ ಪ್ರಶ್ನೆ. ಪಾಲ್ಗೊಳ್ಳಬಹುದು, ಧಾರಾಳವಾಗಿ. ನೀವು ನೋಂದಾಯಿತ ಮತದಾರರಾಗಿರಬೇಕು. ಮನೆಯಲ್ಲಿ ಗ್ರೀನ್ ಕಾರ್ಡ್ ಇರುವವರು ಯಾರಾದರೂ ಇದ್ದರೆ ಅವರಿಗೆ ಆಗುವುದಿಲ್ಲ. ಇದು ನಡೆಯುವುದು ಸಮ ಸಂಖ್ಯೆಯ ವರ್ಷಗಳಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ಯಾವ ಪ್ರೈಮರಿಗೂ ಹೋಗಬೇಡಿ, ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಶುರುವಾಗುವ ಮುಂಗಡ ಮತದಾನವೂ ಪ್ರೈಮರಿಯೇ, ಅದನ್ನು ಮರೆಯಬೇಡಿ. ಇದು ಸಣ್ಣ ತ್ಯಾಗವಲ್ಲ. ಫೋರ್ಟ್ ಬೆಂಡ್‌ನ ಎಷ್ಟೋ ಹುದ್ದೆಗಳ ನಿಜವಾದ ತೀರ್ಮಾನ ದೊಡ್ಡ ಪಕ್ಷಗಳ ಪ್ರೈಮರಿಯಲ್ಲೇ ಆಗಿಬಿಡುತ್ತದೆ. ಅಲ್ಲಿ ಸಾವಿರಾರು ಮತದಲ್ಲಿ ನಿಮ್ಮದೊಂದು, ಇಲ್ಲಿ ಹತ್ತಿಪ್ಪತ್ತು ಮತದಲ್ಲಿ ನಿಮ್ಮದೊಂದು. ಯಾವುದು ಬೇಕು ಎಂದು ಜನವರಿಯಲ್ಲೇ ಯೋಚಿಸಿ. ಪ್ರಿಸಿಂಕ್ಟ್ ಸಭೆ ಎಲ್ಲಿ ಎಂದು ಆ ಪಕ್ಷದ ಕೌಂಟಿ ಘಟಕಕ್ಕೆ ಬರೆದು ಕೇಳಿದರೆ ಹೇಳುತ್ತಾರೆ, ಹೊಸಬರು ಕೇಳಿದರೆ ಅವರಿಗೆ ಖುಷಿಯೇ. ಮತದಾರರ ಕಾರ್ಡ್ ಜೊತೆಗಿರಲಿ, ಸಹಿ ಪಟ್ಟಿಗೆ ಅದರ ಸಂಖ್ಯೆ ಬೇಕು.

ಅಕಸ್ಮಾತ್ ನೀವೇ ನಿಲ್ಲುವ ಮನಸ್ಸಿದ್ದರೆ ಮಾರ್ಚ್‌ವರೆಗೆ ಕಾಯಬೇಡಿ. ಸಮಾವೇಶದಲ್ಲಿ ಹೆಸರು ಪರಿಗಣಿಸಬೇಕಾದರೆ ಹಿಂದಿನ ಡಿಸೆಂಬರ್‌ನ ಎರಡನೇ ಸೋಮವಾರದ ಒಳಗೆ ಅರ್ಜಿ ಹೋಗಿರಬೇಕು. ಯಾವ ಹುದ್ದೆಯ ಅರ್ಜಿ ಯಾರಿಗೆ ಸಲ್ಲಬೇಕು, ಶುಲ್ಕ ಎಷ್ಟು, ಯಾವಾಗ ಕಟ್ಟಬೇಕು ಎನ್ನುವುದು ಟೆಕ್ಸಸ್ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಜಾಲತಾಣದಲ್ಲಿ ಇರುತ್ತದೆ. ಅದನ್ನು ಅಕ್ಟೋಬರ್‌ನಲ್ಲೇ ಒಮ್ಮೆ ಓದಿಕೊಳ್ಳಿ, ಏಕೆಂದರೆ ಶುಲ್ಕದ ನಿಯಮದ ಮೇಲೆ ಕೋರ್ಟು ಕೇಸುಗಳು ನಡೆದಿವೆ.